ತೆರೆದೇ ಇಟ್ಟ ವಾಲ್ವ್

“ಗುರುಗಳೇ, ನಾನು ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವನಲ್ಲ. ಆದರೂ ಎದೆ ಏಕೆ ಇಷ್ಟು ಭಾರ?”

ಕೇಳಿದವನು ಶೇಷಗಿರಿ. ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಗುರುಗಳು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತದೆ, “ಯಾರ ಭಾರ?” ಎಂದರು.

“ಅಣ್ಣನದು. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು ಅವನೇ. ಅವನ ಮೇಲೆ ಸಿಟ್ಟು ಬಂದರೆ ನಾನು ಕೂಡಲೇ ಫೋನ್ ಮಾಡಿ ಹೇಳಿಬಿಡುತ್ತೇನೆ. ಹಬ್ಬಕ್ಕೆ ಕರೆಯದಿದ್ದರೆ ಅದನ್ನು, ಮಾತಿನ ನಡುವೆ ಆಕಳಿಸಿದರೆ ಅದನ್ನು. ಸಂಜೆಯೊಳಗೆ ಕ್ಷಮೆಯನ್ನೂ ಕೇಳುತ್ತೇನೆ. ಮರುದಿನಕ್ಕೆ ಏನನ್ನೂ ಉಳಿಸುವುದಿಲ್ಲ. ಆದರೂ ಅವನ ದನಿ ಕೇಳಿದರೆ ಎದೆ ಕಲ್ಲಾಗುತ್ತದೆ. ಈಗೀಗ ಅವನು ಫೋನ್ ಎತ್ತುವುದನ್ನೇ ಕಡಿಮೆ ಮಾಡಿದ್ದಾನೆ. ಹೀಗೇ ಆದರೆ ಅಣ್ಣ ಇದ್ದೂ ಇಲ್ಲದಂತೆ ಆಗುತ್ತಾನೆ.”

“ಮರುದಿನಕ್ಕೆ ಏನನ್ನೂ ಉಳಿಸುವುದಿಲ್ಲ. ಶಭಾಷ್,” ಎಂದರು ಗುರುಗಳು. ಅವರ ಶಭಾಷ್ ಹೊಗಳಿಕೆಯಲ್ಲ ಎಂಬುದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಶೇಷಗಿರಿ ಕೆಳಗಿನ ಮೆಟ್ಟಿಲ ಮೇಲೆ ಕುಳಿತ. ಗುರುಗಳು ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನಿಗೆ ವಯಸ್ಸಾದ ತಾಯಿ. ನರ್ಮದಾ ನದಿಯಲ್ಲಿ ಒಮ್ಮೆ ಕಾಲಿಡಬೇಕು ಎಂಬುದು ಆಕೆಯ ಆಸೆ. ಹಣದ ತೊಂದರೆ ಇರಲಿಲ್ಲ, ಮಗನಿಗೆ ಮನಸ್ಸಿಲ್ಲದೆಯೂ ಇರಲಿಲ್ಲ. ಆದರೆ ಆಕೆಯ ಮಂಡಿ ಎರಡೂ ಹೋಗಿದ್ದವು. ಕುಕ್ಕರಗಾಲಿನಲ್ಲಿ ಕೂರಲು ಆಗುತ್ತಿರಲಿಲ್ಲ. ದಾರಿಯಲ್ಲಿ ಹೊರಕಡೆಗೆ ಎಲ್ಲಿ ಹೋಗುವುದು? ಯಾತ್ರೆ ಎಂದ ಕೂಡಲೇ ಜನ ದೇವರನ್ನು ನೆನೆಯುತ್ತಾರೆ ಎಂದು ನಾವು ತಿಳಿದಿದ್ದೇವೆ. ಮಂಡಿ ಹೋದವರು ಮೊದಲು ನೆನೆಯುವುದು ಕಕ್ಕಸನ್ನು. ನನ್ನ ಮಂಡಿಗೂ ಈಗ ಈ ಜ್ಞಾನೋದಯವಾಗಿದೆ.

ಮಗ ಒಳ್ಳೆಯವನು. ತಾಯಿಗಾಗಿ ಒಂದು ಚಕ್ರದ ಮನೆ ಮಾಡಿಸಿದ. ಜೀಪಿನ ಹಿಂದೆ ಕಟ್ಟಿ ಎಳೆಯುವಂಥದು. ಒಳಗೆ ಎರಡು ಮಂಚ, ಒಂದು ಒಲೆ, ದೇವರಿಗೆ ಚಿಕ್ಕ ಜಗಲಿ, ಮೂಲೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಕಕ್ಕಸು. ಅದರಲ್ಲಿ ಕುರ್ಚಿಯ ಹಾಗೆ ಕೂರುವ ಕಮೋಡು. ನೆಲದ ಕೆಳಗೆ ಒಂದು ತೊಟ್ಟಿ. ಕಕ್ಕಸಿನದೆಲ್ಲ ಆ ತೊಟ್ಟಿಗೆ ಇಳಿಯಬೇಕು. ತೊಟ್ಟಿಯಿಂದ ಹೊರಗೆ ಒಂದು ದಪ್ಪ ಪೈಪು, ಪೈಪಿಗೆ ಒಂದು ವಾಲ್ವ್, ಎಳೆದರೆ ತೆರೆಯುವ, ತಳ್ಳಿದರೆ ಮುಚ್ಚುವ ಹಲಗೆಯದು.

ಮನೆ ಮಾಡಿಕೊಟ್ಟವನು ಹೊರಡುವ ಮುಂಚೆ ಬಳಸುವ ಬಗೆ ತಿಳಿಸಿದ. ವಾಲ್ವ್ ಯಾವಾಗಲೂ ಮುಚ್ಚಿರಬೇಕು. ಪ್ರತಿ ಸಲವೂ ಧಾರಾಳವಾಗಿ ನೀರು ಹಾಕಬೇಕು. ತೊಟ್ಟಿ ತುಂಬುತ್ತಾ ಬಂದಾಗ ಒಂದು ಶೌಚಗುಂಡಿ ಹುಡುಕಿ, ರಬ್ಬರ್ ಕೊಳವೆ ಜೋಡಿಸಿ, ವಾಲ್ವನ್ನು ಪೂರ್ತಿ ತೆರೆದು ಒಂದೇ ಸಲಕ್ಕೆ ಬಿಡಬೇಕು. ಅಷ್ಟೇ.

ವ್ಯಾಪಾರಿ ತಲೆಯಾಡಿಸಿದ. ಆದರೆ ಅವನ ಮನಸ್ಸು ಒಪ್ಪಲಿಲ್ಲ. ಅವನು ಬಲು ಮಡಿವಂತ. ಮೇಲೆ ದೇವರ ದೀಪ, ಅದೇ ನೆಲದ ಕೆಳಗೆ ದಿನಗಟ್ಟಲೆ ಹೊಲಸು. ಇದನ್ನು ಹೊತ್ತುಕೊಂಡು ತೀರ್ಥಕ್ಕೆ ಹೋಗುವುದೇ? ಇದೆಂಥ ಯಾತ್ರೆ? ತಾಯಿಗೆ ಹೆಚ್ಚು ಹೊತ್ತು ಕುಳಿತು ಪ್ರಯಾಣ ಮಾಡಲು ಆಗುತ್ತಿರಲಿಲ್ಲ. ಸ್ವಲ್ಪ ದೂರ ಹೋಗುವುದು, ಯಾವುದಾದರೂ ಧರ್ಮಶಾಲೆಯ ಅಂಗಳದಲ್ಲಿ ನಾಲ್ಕಾರು ದಿನ ತಂಗುವುದು, ಹೀಗೆ ಅವರ ದಾರಿ ಸಾಗುತ್ತಿತ್ತು. ತಂಗಿದಲ್ಲೆಲ್ಲ ವ್ಯಾಪಾರಿ ಮೊದಲು ಶೌಚಗುಂಡಿಗೆ ಕೊಳವೆ ಜೋಡಿಸುತ್ತಿದ್ದ. ಜೋಡಿಸಿ ವಾಲ್ವ್ ತೆರೆದು, ಹೊರಡುವ ತನಕ ತೆರೆದೇ ಇಡುತ್ತಿದ್ದ. “ನಮ್ಮ ಮನ್ಯಾಗ ಹೊಲಸು ಒಂದ್ ತಾಸು ಸೈತ ನಿಲ್ಲೂದಿಲ್ಲ,” ಎಂದು ಅಲ್ಲಿನವರಿಗೆ ಹೇಳಿಕೊಳ್ಳುತ್ತಿದ್ದ.

ನೀರಿನಲ್ಲೂ ಅವನದು ಬಿಗಿ ಕೈ. ಮೇಲಿನ ನೀರಿನ ಡ್ರಮ್ಮು ಚಿಕ್ಕದು. ಅಡುಗೆಗೆ ಬೇಕು, ಪೂಜೆಗೆ ಬೇಕು. ಕಕ್ಕಸಿಗೆ ಒಂದು ತಂಬಿಗೆ ಸಾಕು ಎಂದು ತಾಯಿಗೆ ಹೇಳಿಟ್ಟಿದ್ದ. ಆಕೆ ಹಾಗೆಯೇ ನಡೆದುಕೊಂಡಳು.

ತೆರೆದ ವಾಲ್ವಿನಿಂದ ಏನು ಹೋಗುತ್ತದೆ? ನೀರು ಹೋಗುತ್ತದೆ. ತೆಳ್ಳಗಿದ್ದದ್ದು ಜಾರಿ ಹೋಗುತ್ತದೆ. ಗಟ್ಟಿ ಇದ್ದದ್ದು ಕಮೋಡಿನ ನೇರ ಕೆಳಗೆ ಬಿದ್ದಲ್ಲೇ ಕೂರುತ್ತದೆ. ಅದನ್ನು ತೇಲಿಸಿಕೊಂಡು ಹೋಗಲು ನೀರು ಬೇಕಲ್ಲ, ಅದು ಆಗಲೇ ಹೊರಟುಹೋಗಿದೆ. ನಾಳೆಯದು ಇವತ್ತಿನದರ ಮೇಲೆ ಕೂರುತ್ತದೆ, ಒಣಗುತ್ತದೆ, ಗುಡ್ಡೆಯಾಗುತ್ತದೆ. ಎಣ್ಣೆ ಮಾರುವವನಿಗೆ ಇದು ಗೊತ್ತಿರಬೇಕಿತ್ತು. ಪೀಪಾಯಿಯ ನಲ್ಲಿ ಸಣ್ಣಗೆ ಬಿಟ್ಟರೆ ತಿಳಿ ಎಣ್ಣೆ ಬರುತ್ತದೆ, ಗಸಿ ತಳದಲ್ಲಿ ಉಳಿಯುತ್ತದೆ. ದಿನಾ ಕಂಡದ್ದೇ. ಆದರೆ ಅಂಗಡಿಯಲ್ಲಿದ್ದ ಬುದ್ಧಿ ಎಲ್ಲರ ಜೊತೆಗೂ ಮನೆಯ ತನಕ ಬರುವುದಿಲ್ಲ.

ಮೊದಲು ವಾಸನೆ ಬಂತು. ವ್ಯಾಪಾರಿ ಫಿನಾಯಿಲ್ ಸುರಿದ. ವಾಸನೆ ಹೋಗಲಿಲ್ಲ. ಊದುಬತ್ತಿ ಹಚ್ಚಿದ, ಲೋಬಾನ ಹಾಕಿದ. ಮೇಲೆ ಥಳಕು, ಒಳಗೆ ಹುಳುಕು. ವಾಲ್ವ್ ತೆರೆದೇ ಇದೆ, ಕೊಳವೆಯಲ್ಲಿ ನೀರು ಇಳಿಯುತ್ತಲೇ ಇದೆ, ಮತ್ತೆ ಎಲ್ಲಿಂದ ಈ ನಾತ ಎಂದು ಅವನಿಗೆ ಬಗೆಹರಿಯಲಿಲ್ಲ. ಬೆಳಿಗ್ಗೆ ತಾಯಿ ಕಕ್ಕಸಿನಿಂದ ಹೊರಗೆ ಬರುವ ಹೊತ್ತಿಗೆ ಅವನು ಮೂಗಿಗೆ ಪಂಚೆಯ ತುದಿ ಹಿಡಿದು ಹೊರಗೆ ಹೋಗಿ ನಿಲ್ಲುತ್ತಿದ್ದ. ತಾಯಿ ಅದನ್ನು ನೋಡುತ್ತಿದ್ದಳು.

ಮನಸ್ಸಿನ ಕಿರಿಕಿರಿಯನ್ನು ಅವನು ಇಟ್ಟುಕೊಳ್ಳುತ್ತಲೂ ಇರಲಿಲ್ಲ. ಪಲ್ಯಕ್ಕೆ ಉಪ್ಪು ಸಾಲದು ಎನ್ನುವನು. ರಸ್ತೆ ಹಾಳು ಎನ್ನುವನು. ತಂಬಿಗೆ ಸಪ್ಪಳ ಮಾಡಬೇಡ ಎನ್ನುವನು. ಅಂದು ಮುಗಿಸಿ, “ಸಿಟ್ಟಾಗಬ್ಯಾಡ ಅವ್ವಾ,” ಎಂದು ಕಾಲು ಒತ್ತುವನು.

ಶೇಷಗಿರಿ ಇಲ್ಲಿ ಸ್ವಲ್ಪ ಅಲುಗಾಡಿದ. ಗುರುಗಳು ಅವನ ಕೈಗೆ ನಾಲ್ಕು ಶೇಂಗಾ ಹಾಕಿ ಮುಂದುವರಿಸಿದರು.

ನರ್ಮದೆ ಇನ್ನು ಅರ್ಧ ದಿನದ ದಾರಿ ಇದೆ ಎನ್ನುವಾಗ, ತಂಗಿದ್ದ ಧರ್ಮಶಾಲೆಯಲ್ಲಿ ಕಮೋಡು ಕಟ್ಟಿಕೊಂಡಿತು. ಹಾಕಿದ ನೀರು ಮೇಲೆಯೇ ನಿಂತಿತು. ವ್ಯಾಪಾರಿಗೆ ರೇಗಿಹೋಯಿತು. ಕೊಳವೆ ಕಿತ್ತು, ಕಬ್ಬಿಣದ ಸರಳು ತಂದು, ಪೈಪಿನ ಬಾಯಿಯಿಂದ ತೊಟ್ಟಿಯೊಳಕ್ಕೆ ತಿವಿದ. ಒಂದು ಸಲ, ಎರಡು ಸಲ. ಆತುರಗಾರನಿಗೆ ಬುದ್ಧಿ ಮಟ್ಟ. ಗುಡ್ಡೆ ಜಗ್ಗಲಿಲ್ಲ. ಪೈಪು ತೊಟ್ಟಿಗೆ ಸೇರುವಲ್ಲಿ ಬಿರುಕು ಬಿಟ್ಟಿತು, ವಾಲ್ವಿನ ಹಲಗೆ ಸೊಟ್ಟಗಾಯಿತು. ಈಗ ಅದನ್ನು ಮುಚ್ಚಲೂ ಆಗದು, ಸರಿಯಾಗಿ ತೆರೆಯಲೂ ಆಗದು.

ಅದೇ ದಿನ ತಾಯಿಗೆ ಜ್ವರ ಬಂತು. ಮೈ ಕೆಂಡ. ತುಟಿ ಒಡೆದಿತ್ತು. ವೈದ್ಯರು ಬಂದು ನೋಡಿದರು. ಈಕೆ ಬಹಳ ದಿನದಿಂದ ಸರಿಯಾಗಿ ನೀರು ಕುಡಿದಿಲ್ಲ, ಮೂತ್ರ ಕಟ್ಟಿಕೊಂಡು ಅದು ನಂಜಾಗಿದೆ ಎಂದರು. ಔಷಧ ಕೊಟ್ಟು, ನೀರು ಕುಡಿಸಿ, ಕುಡಿಸದಿದ್ದರೆ ಔಷಧ ಕೆಲಸ ಮಾಡುವುದಿಲ್ಲ, ಜೀವಕ್ಕೇ ಕುತ್ತು ಬಂದೀತು ಎಂದು ಹೇಳಿ ಹೋದರು.

“ಯಾಕವ್ವಾ, ನೀರ ಯಾಕ ಕುಡಿಲಿಲ್ಲ?” ಎಂದ ಮಗ.

“ನೀರಡಕಿ ಆಗ್ಲಿಲ್ಲಪಾ,” ಎಂದಳು ತಾಯಿ. ಮಗ ಲೋಟ ಹಿಡಿದ. ಆಕೆ ತುಟಿ ಒದ್ದೆ ಮಾಡಿಕೊಂಡು ಹಿಂದಕ್ಕೆ ಕೊಟ್ಟಳು. ಧರ್ಮಶಾಲೆಯ ಕಕ್ಕಸು ಅಂಗಳದ ಆಚೆ, ಎತ್ತರದ ಮೆಟ್ಟಿಲು ಹತ್ತಿ, ಕುಕ್ಕರಗಾಲಿನಲ್ಲಿ ಕೂರುವಂಥದು. ತನ್ನದು ಮುರಿದು ಬಿದ್ದಿದೆ. ಕುಡಿದ ನೀರು ಹೊರಗೆ ಹೋಗಲು ಜಾಗವೇ ಇಲ್ಲದಿರುವಾಗ ಆಕೆ ಹೇಗೆ ಕುಡಿದಾಳು? “ಊರಿಗೆ ಕರಕೊಂಡು ಹೋಗು. ನದಿ ಬ್ಯಾಡ,” ಎಂದು ಮುಖ ತಿರುಗಿಸಿ ಮಲಗಿದಳು.

ಊರು ಹಿಂದೆ ಬಹಳ ದೂರ ಉಳಿದಿತ್ತು. ಅಲ್ಲಿಯ ತನಕ ಆಕೆ ಉಳಿಯುತ್ತಾಳೆಂಬ ನಂಬಿಕೆ ಅವನಿಗಿರಲಿಲ್ಲ. ವ್ಯಾಪಾರಿಗೆ ಭಯವಾಯಿತು. ಅಷ್ಟು ದಿನದಲ್ಲಿ ಮೊದಲ ಸಲ ಅವನಿಗೆ ನಾತದ ನೆನಪು ಹೋಯಿತು.

ಅವನು ಮೊದಲು ಒಂದು ಹಳೆಯ ಕುರ್ಚಿ ಹುಡುಕಿ ತಂದ. ನಡುವೆ ದೊಡ್ಡ ತೂತು ಕೊರೆದು, ಕೆಳಗೆ ಬಕೆಟ್ ಇಟ್ಟು, ತಾಯಿಯ ಮಂಚದ ಪಕ್ಕದಲ್ಲಿ ಪರದೆ ಕಟ್ಟಿದ. ಆಮೇಲೆ ಧರ್ಮಶಾಲೆಯ ಕಾವಲುಗಾರನ ಬಳಿಗೆ ಹೋಗಿ, ತೊಟ್ಟಿ ತೊಳೆಯುವಂಥ ಜನ ಇಲ್ಲಿ ಯಾರಾದರೂ ಸಿಕ್ಕಾರೇ ಎಂದು ಕೇಳಿದ. ಮಡಿವಂತರ ಲೆಕ್ಕವೇ ಹಾಗೆ. ಹೊಲಸು ತಮ್ಮದು, ಬಳಿಯುವ ಕೈ ಬೇರೆಯವರದು. ಮಾತು ಕಿಟಕಿಯಿಂದ ಒಳಗೆ ಕೇಳಿಸಿತು. ತಾಯಿ ಮಲಗಿದ್ದಲ್ಲಿಂದಲೇ, “ನಂದು ನಿನಗ ಹೊಲಸಾದ್ರ ಮಂದಿಗೆ ಏನಾಗಬೇಕಪಾ?” ಎಂದಳು.

ವ್ಯಾಪಾರಿ ಪೈಪಿನ ಅಂಗಡಿಗೆ ನಡೆದ. ಒಂದು ತುಂಡು ಪೈಪು, ಹೊಸ ವಾಲ್ವ್, ಎರಡು ರಬ್ಬರ್ ಉಂಗುರ, ಒಂದು ಡಬ್ಬಿ ಗಮ್ ತಂದ. ಗೋಣಿತಟ್ಟು ಹಾಸಿ ಚಕ್ರದ ಮನೆಯ ಕೆಳಗೆ ಅಂಗಾತ ಮಲಗಿದ. ಒಡೆದ ಪೈಪನ್ನು ಗರಗಸದಿಂದ ಕೊಯ್ದ. ಉಳಿದ ತುದಿಗೆ ಗಮ್ ಬಳಿದು ಹೊಸ ತುಂಡು ಕೂರಿಸಿದ. ಕೈ ಬಿಟ್ಟ ಕೂಡಲೇ ತುಂಡು ಕಳಚಿ ಅವನ ಎದೆಯ ಮೇಲೆ ಬಿತ್ತು. ಹೊಲಸು ಮೆತ್ತಿದ ಅಂಚಿಗೆ ಯಾವ ಗಮ್ಮೂ ಹಿಡಿಯುವುದಿಲ್ಲ. ಅಂಚು ಒರೆಸಬೇಕು. ಒರೆಸಬೇಕಾದರೆ ಕೈ ಒಳಗೆ ಹೋಗಬೇಕು.

ಸ್ವಲ್ಪ ಹೊತ್ತು ಅವನು ಹಾಗೇ ಮಲಗಿದ್ದ. ಆಮೇಲೆ ಪೂಜೆಗೆ ಉಡುವ ಪಂಚೆಯನ್ನೇ ಹರಿದು, ಕೈ ಒಳಗೆ ಹಾಕಿ, ಅಂಚನ್ನು ಸುತ್ತಲೂ ಒರೆಸಿದ. ಒದ್ದೆ ಮಾಡಿ ಒರೆಸಿದ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿದ. ಈ ಸಲ ಗಮ್ ಕಚ್ಚಿಕೊಂಡಿತು. ಉಂಗುರ ಹಾಕಿ ವಾಲ್ವ್ ಕೂರಿಸಿ, ಬೋಲ್ಟು ಬಿಗಿದ. ಹಲಗೆ ಸರಾಗವಾಗಿ ಆಚೀಚೆ ಸರಿಯಿತು.

ಆದರೆ ಗುಡ್ಡೆ ಗುಡ್ಡೆಯಾಗಿಯೇ ಇತ್ತು. ಅವನು ಮತ್ತೆ ಸರಳು ಎತ್ತಿಕೊಂಡ. ಸರಳಿನ ಸಪ್ಪಳಕ್ಕೆ ಒಳಗಿನಿಂದ ತಾಯಿ ಕೇಳಿದಳು, “ತಳಾ ಹಿಡಿದ ಗಡಿಗಿನ ಯಾರರ ಹಂಗ ಕೆರೀತಾರೇನು? ಬಾಯಿ ಮುಚ್ಚಿ ನೀರ ತುಂಬು. ನೆನೀಲಿ. ತಾನ ಬಿಡತೈತಿ.”

ಬಾಯಿ ಮುಚ್ಚಬೇಕು. ಅಷ್ಟೂ ಹೊಲಸನ್ನು, ಅದರ ಮೇಲೆ ತುಂಬ ನೀರನ್ನು, ದೇವರ ದೀಪದ ಕೆಳಗೆ ಇಡೀ ದಿನ ಇಟ್ಟುಕೊಳ್ಳಬೇಕು. ಊರು ಬಿಟ್ಟಾಗಿನಿಂದ ಅವನು ಯಾವುದಕ್ಕೆ ಹೆದರಿ ಓಡುತ್ತಿದ್ದನೋ ಅದೇ ಕೆಲಸ. ವ್ಯಾಪಾರಿ ವಾಲ್ವ್ ಮುಚ್ಚಿದ. ನೀರು ಕಾಯಿಸಿ, ಸೋಪಿನ ಪುಡಿ ಕದಡಿ, ಕಮೋಡಿಗೆ ಸ್ವಲ್ಪ ಸ್ವಲ್ಪವಾಗಿ ಹುಯ್ದ. ಮೊದಲು ಮೇಲೆಯೇ ನಿಂತಿತು. ಬಹಳ ಹೊತ್ತಿನ ಮೇಲೆ ಒಂದು ಗುಳ್ಳೆ ಎದ್ದು ನೀರು ಕೆಳಗಿಳಿಯಿತು. ಅವನು ಬಾವಿಯಿಂದ ಕೊಡಗಟ್ಟಲೆ ಹೊತ್ತು ತಂದು ಹುಯ್ಯುತ್ತಾ ಹೋದ. ತೊಟ್ಟಿ ತುಂಬಿತು. ಕೆಳಗೆ ಬಗ್ಗಿ ನೋಡಿದ. ಕಟ್ಟಿದ ಪೈಪು ಒಂದು ಹನಿಯನ್ನೂ ಬಿಡಲಿಲ್ಲ.

ಇನ್ನು ಕಾಯುವುದಷ್ಟೇ ಕೆಲಸ. ತಾಯಿಯ ಮಂಚದ ಪಕ್ಕದಲ್ಲಿ ಕುಳಿತ. ಓಡಾಡಲು ಎಲ್ಲೂ ಇಲ್ಲ, ಗೊಣಗಲೂ ಏನೂ ಇಲ್ಲ. ತುಂಬಿದ ತೊಟ್ಟಿಯ ಮೇಲೆ ತಾಯಿ, ಮಗ, ದೇವರು ಮೂವರೂ ಇದ್ದರು. ತಾಯಿ ಅವನ ಕೈ ನೋಡಿದಳು. ಉಗುರಿನ ಸಂದು ಇನ್ನೂ ಕಪ್ಪಾಗಿತ್ತು.

“ದಿನಾ ನೀ ಎಲ್ಲಾ ಅಂದಿ,” ಎಂದಳು. “ಉಪ್ಪು ಕಡಿಮಿ ಅಂದಿ. ರಸ್ತಾ ಕೆಟ್ಟೈತಿ ಅಂದಿ. ನೀರ ಭಾಳ ಚೆಲ್ಲಬ್ಯಾಡ ಅಂದಿ. ಒಂದ ಮಾತು ಮಾತ್ರ ಅನಲಿಲ್ಲ.”

“ಯಾವ ಮಾತವ್ವಾ?”

“ಈಕಿನ್ನ ಯಾಕರ ಕರಕೊಂಡು ಬಂದ್ನೋ ಅನ್ನೂ ಮಾತು. ಮೂಗು ಮುಚ್ಚಿಕೊಂಡು ಹೊರಗ ಹೋಗ್ತಿದ್ದಿಯಲ್ಲ, ಆವಾಗ ನಿನ್ನ ಮಾರಿ ಮ್ಯಾಲ ಇರತಿತ್ತು. ಅದನ್ನ ನೋಡಿ ನಾ ನೀರ ಕುಡಿಯೂದ ಬಿಟ್ಟೆ. ಕುಡಿದರ ತಾನ ಹೋಗೂದು?”

ವ್ಯಾಪಾರಿಗೆ ಇಲ್ಲ ಎನ್ನಬೇಕೆನಿಸಿತು. ಇಲ್ಲ ಎನ್ನುವುದು ಸುಲಭ. ಕಾಲು ಒತ್ತಿ, ಸಿಟ್ಟಾಗಬೇಡ ಎನ್ನುವುದು ಇನ್ನೂ ಸುಲಭ. ಅವನು ಎರಡನ್ನೂ ಮಾಡಲಿಲ್ಲ.  

“ಹೌದವ್ವಾ,” ಎಂದ. “ಹಂಗ ಅನಿಸಿತ್ತು.”

“ಅಂದಿಯಲ್ಲ, ಆತು. ಈಗ ನೀರ ಕೊಡು,” ಎಂದಳು ತಾಯಿ.

ಲೋಟ ತುಂಬಿ ಕೊಟ್ಟ. ಕುಡಿದಳು. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದಳು. ಪರದೆಯ ಹಿಂದಿನ ಬಕೆಟ್ಟನ್ನು ಆ ದಿನ ಅವನು ಎಷ್ಟೋ ಸಲ ಒಯ್ದು, ಗುಂಡಿಗೆ ಸುರಿದು, ತೊಳೆದು ತಂದಿಟ್ಟ. ಪಂಚೆಯ ತುದಿ ಮೂಗಿಗೆ ಹೋಗಲಿಲ್ಲ. ಬೆಳಗಾಗುವ ಹೊತ್ತಿಗೆ ತಾಯಿಯ ಹಣೆ ಬೆವತು ತಣ್ಣಗಾಗಿತ್ತು.

ಮರುದಿನ ಜೀಪು ಕಟ್ಟಿ ಹೊರಟರು. ತಾಯಿಯನ್ನು ಪಕ್ಕದ ಸೀಟಿನಲ್ಲಿ ದಿಂಬು ಒತ್ತಿ ಕೂರಿಸಿಕೊಂಡಿದ್ದ. ರಸ್ತೆ ತುಂಬ ಗುಂಡಿ. ಒಂದೊಂದು ಗುಂಡಿಗೂ ಹಿಂದಿನ ತೊಟ್ಟಿಯಲ್ಲಿ ನೀರು ಕುಲುಕಿ, ತಳದಲ್ಲಿದ್ದದ್ದನ್ನು ಅಲುಗಿಸುತ್ತಿತ್ತು. ರಸ್ತೆಯನ್ನು ಬೈಯದೆ ಅವನು ಗಾಡಿ ಓಡಿಸಿದ ದಿನ ಅದೊಂದೇ.

ನರ್ಮದೆಯ ದಂಡೆಯಿಂದ ದೂರದಲ್ಲಿ ಒಂದು ಧರ್ಮಶಾಲೆ. ಅಲ್ಲಿನವರನ್ನು ಕೇಳಿ ಅವರ ಶೌಚಗುಂಡಿಗೆ ಕೊಳವೆ ಜೋಡಿಸಿದ. ವಾಲ್ವನ್ನು ಪೂರ್ತಿ ಎಳೆದ. ಕೊಳವೆ ಒಮ್ಮೆ ನೆಗೆಯಿತು. ಆಮೇಲೆ ಎಲ್ಲವೂ ಹೋಯಿತು. ತೆಳ್ಳಗಿದ್ದದ್ದು ಹೋಯಿತು, ಗಟ್ಟಿ ಇದ್ದದ್ದೂ ಅದರ ಜೊತೆಯಲ್ಲೇ ಹೋಯಿತು. ನೀರು ಹುಯ್ದು ಹುಯ್ದು ತೊಳೆದ. ಕೊನೆಗೆ ಕೊಳವೆಯಲ್ಲಿ ಹುಯ್ದ ನೀರೇ ತಿಳಿಯಾಗಿ ಬಂತು. ಅವನು ವಾಲ್ವ್ ಮುಚ್ಚಿದ. ಸ್ನಾನ ಮಾಡಿ, ತಾಯಿಯನ್ನು ತೋಳಿನಲ್ಲಿ ಎತ್ತಿಕೊಂಡು ನದಿಯ ಕೆಳಗಿನ ಮೆಟ್ಟಿಲ ತನಕ ಒಯ್ದ. ಆಕೆ ನೀರಿನಲ್ಲಿ ಕಾಲಿಟ್ಟು ಕುಳಿತಳು. ಸಾಕು ಎಂದು ಆಕೆಯೇ ಹೇಳುವ ತನಕ ಅವನು ಹಿಡಿದುಕೊಂಡೇ ನಿಂತಿದ್ದ.

ಗುರುಗಳು ಕಥೆ ನಿಲ್ಲಿಸಿ ಮಡಿಲಲ್ಲಿ ಉಳಿದ ಶೇಂಗಾ ಹುಡುಕತೊಡಗಿದರು. ಶೇಷಗಿರಿಯ ಮುಖ ಕೆಂಪಾಗಿತ್ತು. ಅವನು ಸುಮ್ಮನೆ ಒಪ್ಪಿಕೊಳ್ಳುವವನಲ್ಲ.

“ಹಾಗಾದರೆ ಸಿಟ್ಟು ಬಂದರೂ ಹೇಳದೆ ಒಳಗೇ ಇಟ್ಟುಕೊಳ್ಳಬೇಕು ಎನ್ನುತ್ತೀರಾ, ಗುರುಗಳೇ?”

“ಇಟ್ಟುಕೊಂಡೇ ಇದ್ದೀಯಲ್ಲಪ್ಪ, ಅಣ್ಣನ ಮುಂದೆ ನೀನು ದಿನಾ ಬಿಟ್ಟದ್ದು ಬರೀ ನೀರು,” ಎಂದರು ಗುರುಗಳು.